ಹಸಿ ಸುಣ್ಣದ ಗುರುತು

ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಆದರೆ ಬ್ರಾಂದಿ ಬೆರೆಸಿದ ಹಳೇ ವೈನಿನ ವಯಸ್ಸು ಹೇಳುವುದರಲ್ಲಿ ಒಮ್ಮೆಯೂ ತಪ್ಪಿದವಳಲ್ಲ.

ಅಂಥ ಬಾಟಲಿಗಳನ್ನು ಮಾರುವ ನನ್ನ ತಂಗಿಯ ಮಗ, ಮೂವತ್ತು ವರ್ಷ ಬೀಗ ಬಿದ್ದಿದ್ದ ಒಂದು ನೆಲಮಾಳಿಗೆಗೆ ಹಾಡಹಗಲಲ್ಲೇ ನನ್ನನ್ನು ಕರೆದೊಯ್ದ. ಧೂಳಿನಲ್ಲಿ ನಮ್ಮ ಹೆಜ್ಜೆ ಬಿಟ್ಟರೆ ಬೇರೆ ಇರಲಿಲ್ಲ. ಮೂಲೆಯಲ್ಲಿ ಒಂದೇ ಬಾಟಲಿ ಮಲಗಿತ್ತು. ಯಾವ ಬದಿ ಮೇಲಿರಬೇಕೆಂದು ತಿಳಿಯಲು ಹಿಂದಿನವರು ಬಾಟಲಿಗೆ ಸುಣ್ಣದ ಗುರುತು ಹಾಕುತ್ತಿದ್ದರು. ಇದರ ಮೇಲೂ ಇದ್ದ ಆ ಗುರುತನ್ನು ಮುಟ್ಟಿದೆ. ಬೆರಳಿಗೆ ಹಸಿ ಸುಣ್ಣ ಹತ್ತಿತು. ನೆಲಮಾಳಿಗೆ ಚಳಿಯಿಂದ ಕೊರೆಯುತ್ತಿತ್ತು, ಗಾಜು ಮಾತ್ರ ಯಾರೋ ಈಗಷ್ಟೇ ಕೈಯಿಂದ ಕೆಳಗಿಟ್ಟಂತೆ ಬೆಚ್ಚಗಿತ್ತು.

"ದೊಡ್ಡಮ್ಮ, ಯಾರೋ ನಿಮ್ಮ ಕಣ್ಣಿಗೇ ಮಣ್ಣೆರಚಿದ್ದಾರೆ. ಇದು ನಕಲಿ, ನಡೀರಿ."

"ಸುಮ್ನಿರೋ. ನೀನು ತೊಟ್ಟಿಲಲ್ಲಿದ್ದಾಗಲೇ ಇಂಥವು ನೂರು ನೋಡಿದೀನಿ."

ದೀಪ ಹಿಡಿದೆ. ಗುರುತಿನ ಎದುರು ಬದಿಗೆ ಗಸಿ ತೊಗಟೆಯಂತೆ ಗಾಜಿಗೆ ಅಂಟಿತ್ತು. ಅಷ್ಟು ಕೂರಬೇಕಾದರೆ ಬಾಟಲಿ ನೂರು ವರ್ಷ ಅಲುಗದೆ ಮಲಗಿರಬೇಕು. ಅಲ್ಲೇ ಚೀಟಿಯಲ್ಲಿ "ಅಸಲಿ" ಎಂದು ಬರೆದು ರುಜು ಹಾಕಿದೆ.

ಮಾರಲು ಬಿಡದೆ ಅದನ್ನು ನಾನೇ ಇಟ್ಟುಕೊಂಡೆ. ಹನ್ನೊಂದು ವರ್ಷವಾಯಿತು. ಇವತ್ತು ಬೆಳಿಗ್ಗೆಯೂ ಮುಟ್ಟಿ ನೋಡಿದೆ. ಸುಣ್ಣ ಇನ್ನೂ ಆರಿಲ್ಲ.