ವಾಲ್ಟರ್ ಹುಟ್ಟಿದ ಗಳಿಗೆ

ಕೆಂಪು ಫೈಲಿನಲ್ಲಿ ಎಲ್ಲವೂ ಇತ್ತು. ಇರಲೇಬೇಕಾದದ್ದು ಒಂದು ಮಾತ್ರ ಇರಲಿಲ್ಲ.

ನೀಲಾಂಬಿಕಾ ಎರಡನೇ ಸಲ ಮೊದಲಿನಿಂದ ತಿರುವಿದಳು. ಹಡಗಿನ ಪ್ರಯಾಣಿಕರ ಪಟ್ಟಿ — ಇದೆ. ವಾಲ್ಟರ್ ಅಜ್ಜನ ಸಾವಿನ ದಾಖಲೆ — ಇದೆ. ಜನನ ಪ್ರಮಾಣಪತ್ರ? ಅದರ ಝೆರಾಕ್ಸ್ ಇದೆ. ಇಂಗ್ಲೆಂಡಿನಿಂದ ಟಪಾಲಿನಲ್ಲಿ ಬಂದ ಅಸಲಿ ಕಾಗದ ಎಲ್ಲಿ?

"ನೇತ್ರಾ, ಒರಿಜಿನಲ್ ಎಲ್ಲೈತಿ?"

"ಅದರಾಗ ಇರಬೇಕಲ್ರೀ ಅಕ್ಕಾರ." ನೇತ್ರಾ ಬಗ್ಗಿ ನೋಡಿದಳು. "ಇಲ್ಲೇನು? ಹೋಗ್ಲಿ ಬಿಡ್ರಿ, ಕಾಪಿ ಐತಲ್ಲ."

"ಕಾಪಿ ಸುಳ್ಳೈತಿ ತಂಗಿ. ಅದಕ್ಕ ಒರಿಜಿನಲ್ ಬೇಕಾಗೇತಿ."

ಅಡುಗೆಮನೆಯ ಕಿಟಕಿಯಾಚೆ ಸರೋವರದ ದಂಡೆಯ ಪೋರ್ಟ್ ಕ್ರೆಡಿಟ್‌ನ ದೋಣಿಗಳನ್ನು ನೋಡುತ್ತ ಚಹಾ ಕುಡಿಯುತ್ತಿದ್ದ ಈರೇಶ ಕಪ್ಪು ಕೆಳಗಿಟ್ಟ. ಅಕ್ಕನ ಈ ದನಿ ಅವನಿಗೆ ಗೊತ್ತು. ಧಾರವಾಡದಲ್ಲಿ ಮೂವತ್ತೊಂದು ವರ್ಷ ಜನನ-ಮರಣ ವಿಭಾಗದ ಕೌಂಟರಿನ ಹಿಂದೆ ಕೂತು, ಸುಳ್ಳು ವಯಸ್ಸು ಬರೆಸಲು ಬಂದವರನ್ನೆಲ್ಲ ವಾಪಸು ಕಳಿಸಿದ ದನಿ ಅದು. ನಿವೃತ್ತಿಯಾಗಿ ಕೆನಡಾದ ಬ್ರ್ಯಾಂಪ್ಟನ್‌ಗೆ ತಮ್ಮನ ಮನೆಗೆ ಬಂದವಳು ಸುಮ್ಮನೆ ಕೂಡುವ ಪೈಕಿಯಲ್ಲ. ಇಂಗ್ಲೆಂಡಿನ ಹಳೆಯ ರಿಜಿಸ್ಟರು, ಜನಗಣತಿ ಓದುವುದನ್ನು ಕಲಿತಳು. ಈಗ ಬಿಳಿಯರೂ ತಮ್ಮ ಮುತ್ತಜ್ಜಂದಿರನ್ನು ಹುಡುಕಿಸಲು ಈ ಧಾರವಾಡದ ಹೆಂಗಸಿನ ಬಳಿ ಬರುತ್ತಾರೆ. ಶುಕ್ರವಾರ ಟ್ರಕ್ ಕಂಪನಿಯ ರಜೆ, ಹಾಗಾಗಿ ಅವತ್ತು ಈರೇಶ ಅವಳ ಡ್ರೈವರ್.

ಮನೆ ಎಡಿತ್ ಅವರದು. ಬೆಳಗಾವಿಯ ಹುಡುಗಿ ನೇತ್ರಾಳ ಅತ್ತೆ, ಎಂಬತ್ನಾಲ್ಕು ವಯಸ್ಸು. ಅವರ ಅಜ್ಜ ವಾಲ್ಟರ್ ಥಾರ್ನ್ಲಿ 1882ರಲ್ಲಿ ಹತ್ತು ವರ್ಷದ ಹುಡುಗ. ಇಂಗ್ಲೆಂಡಿನ ಅನಾಥಾಲಯವೊಂದು ಅವನನ್ನು ಹಡಗು ಹತ್ತಿಸಿ ಕೆನಡಾದ ಒಂಟಾರಿಯೋದ ಹೊಲದ ಕೆಲಸಕ್ಕೆ ಕಳಿಸಿತ್ತು. ಅಂಥ ಮಕ್ಕಳು ಆಗ ಸಾವಿರಗಟ್ಟಲೆ ಬಂದರು. ವಾಲ್ಟರ್ ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದ: "ನನ್ನ ತಾಯಿ ನನ್ನನ್ನು ಕೊಟ್ಟುಬಿಟ್ಟಳು." ಎಡಿತ್ ಆಗ ಪುಟ್ಟ ಹುಡುಗಿ. ಆ ಮಾತು ಅವರ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಅಜ್ಜನ ಸಮಾಧಿಯ ಮೇಲೆ ಅವನ ಹೆಸರು ಬಿಟ್ಟರೆ ಏನಿಲ್ಲ. ಅಲ್ಲಿ ತಂದೆತಾಯಿಯ ಹೆಸರು ಕೆತ್ತಿಸಬೇಕು, ತಾಯಿ ಬೇಕೆಂದೇ ಬಿಟ್ಟಳೋ ಇಲ್ಲವೋ ತಿಳಿಯಬೇಕು — ಎಡಿತ್ ಅವರದು ಇಷ್ಟೇ ಹಟ. ಕಲ್ಲು ಕೆತ್ತುವವನು ನಾಳೆ ಬೆಳಗ್ಗೆ ಉಳಿ ಹಿಡಿಯುತ್ತಾನೆ. ಇವತ್ತು ಸಂಜೆ ಐದರೊಳಗೆ ಅವನಿಗೆ ಹೆಸರು ಕಳಿಸಬೇಕು. ತಪ್ಪು ಹೆಸರು ಕಲ್ಲಿಗೆ ಬಿದ್ದರೆ ಬಿತ್ತು.

"ಸುಳ್ಳು ಅಂತ ಹೇಗೆ ಹೇಳುತ್ತೀರಿ?" ಎಡಿತ್ ಇಂಗ್ಲಿಷಿನಲ್ಲಿ ಕೇಳಿದರು. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ.

"ಇಂಗ್ಲೆಂಡಿನ ಜನನಗಳಿಗೆ ಒಂದು ಸೂಚಿ ಇದೆ," ಅಂದಳು ನೀಲಾಂಬಿಕಾ. "ಕೂಸಿನ ಹೆಸರು, ಊರು, ತಾಯಿಯ ತವರಿನ ಅಡ್ಡಹೆಸರು. ನಿನ್ನೆ ನೋಡಿದೆ. 1872ರಲ್ಲಿ ಆ ಭಾಗದಲ್ಲಿ ಹುಟ್ಟಿದ ವಾಲ್ಟರ್ ಥಾರ್ನ್ಲಿ ಒಬ್ಬನೇ. ತಾಯಿಯ ತವರಿನ ಹೆಸರಿನ ಜಾಗದಲ್ಲಿ ಬರೀ ಒಂದು ಗೀಟು. ಈ ಕಾಪಿಯಲ್ಲಿ 'ಬ್ರೌನ್' ಅಂತಿದೆ. ಎಲ್ಲಿಂದ ಬಂತು ಬ್ರೌನ್?"

ಈರೇಶ ಕಾಪಿ ಎತ್ತಿಕೊಂಡು ಓದಿದ. 1872ರ ಮಾರ್ಚ್ ಹದಿನಾಲ್ಕು, ಬೆಳಗಿನ ನಾಲ್ಕು ಇಪ್ಪತ್ತು, ನಂಬರ್ ಏಳು, ಮಿಲ್ ಲೇನ್. ತಂದೆ ಜೇಮ್ಸ್ ಥಾರ್ನ್ಲಿ, ನೇಕಾರ. ತಾಯಿ ಆ್ಯನ್ ಥಾರ್ನ್ಲಿ, ಮೊದಲಿನ ಹೆಸರು ಬ್ರೌನ್. ಅಕ್ಷರವೋ, ಮುತ್ತು ಜೋಡಿಸಿದ ಹಾಗೆ.

"ಛಲೋ ಗಳಿಗಿಯೊಳಗ ಹುಟ್ಯಾನ ಬಿಡ ಅಕ್ಕಾ," ಅಂದ. "ನಾಲ್ಕು ಇಪ್ಪತ್ತು ಅಂದ್ರ ಬ್ರಾಹ್ಮೀ ಮುಹೂರ್ತ."

ನೀಲಾಂಬಿಕಾ ತಮ್ಮನ ಮುಖವನ್ನೇ ನೋಡಿದಳು. ಕಾಪಿ ಕಸಿದುಕೊಂಡಳು. ಆಮೇಲೆ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸತೊಡಗಿದಳು. ಅವಳು ಕನ್ನಡಕ ಒರೆಸಿದಳೆಂದರೆ ಕೆಲಸ ಅರ್ಧ ಮುಗಿಯಿತು ಅಂತಲೇ ಲೆಕ್ಕ.

"ಗ್ರಹಾಂನ ಕರಿ," ಅಂದಳು.

ಗ್ರಹಾಂ ನೇತ್ರಾಳ ಗಂಡ. ಗ್ರಾಫಿಕ್ ಡಿಸೈನರ್, ಮಹಡಿಯ ಮೇಲೆಯೇ ಆಫೀಸು. ಕನ್ನಡ ಅರ್ಥವಾಗುತ್ತದೆ, ನಾಲಿಗೆ ಹೊರಳುವುದಿಲ್ಲ.

"ಇಂಥದೊಂದು ಕಾಗದ ಮಾಡಲು ನಿನಗೆ ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ," ಅಂದ ಗ್ರಹಾಂ, ಒಂಚೂರೂ ಅಳುಕದೆ. "ನನ್ನ ಮೇಲೆ ಅನುಮಾನವೇ?"

"ಈ ಹುಡುಕಾಟ ಬೇಗ ಮುಗಿಯಲಿ ಅಂತ ನಿನಗಿತ್ತು?"

"ಇತ್ತು. ಹನ್ನೊಂದು ವರ್ಷದಿಂದ ಅಮ್ಮ ಆ ಫೈಲು ಹಿಡಿದು ಅಳುತ್ತಾರೆ. ಆದರೆ ನಾನು ಮಾಡಿದ್ದರೆ ಕಾಪಿ ಯಾಕೆ ಇಡಲಿ? ಅಸಲಿಯ ಬಣ್ಣದ ಕಾಗದವನ್ನೇ ಮಾಡಿ ಇಡುತ್ತಿದ್ದೆ."

"ಅದೂ ಖರೇ," ಅಂದಳು ನೀಲಾಂಬಿಕಾ. "ನೇತ್ರಾ, ಕವರು ಒಡದಾಂವ ಯಾರು?"

"ನಾ ಅವತ್ತು ಶಿಫ್ಟಿನ್ಯಾಗಿದ್ದೆರೀ. ಅಪ್ಪಾಜಿ ಮೇಲ್‌ಬಾಕ್ಸ್‌ನಿಂದ ತಂದು ಟೇಬಲ್ ಮ್ಯಾಲೆ ಇಟ್ಟಿದ್ರಂತ. ಸಂಜಿಕೆ ಬಂದು ನೋಡಿದ್ರ ಕಾಗದ ಫೈಲಿನ್ಯಾಗಿತ್ತು. ಅತ್ತಿ ಹಾಕ್ಯಾರ ಅನ್ಕೊಂಡೆ."

"ನಾನಲ್ಲ," ಅಂದರು ಎಡಿತ್. "ನೇತ್ರಾ ಹಾಕಿದ್ದಾಳೆ ಅಂದುಕೊಂಡೆ."

"ಒಂದು ಸಾಲು ಬರದು ತೋರ್ಸು ನೇತ್ರಾ."

ನೇತ್ರಾ ನಗುತ್ತಲೇ ಬರೆದಳು. ಕೋಳಿ ಕೆದರಿದಂತಿತ್ತು. "ನನ್ನ ಕಿರಾಣಿ ಲಿಸ್ಟ್ ಓದಾಕ ಗ್ರಹಾಂಗ ಫೋನ್ ಮಾಡಬೇಕಾಗತೈತ್ರಿ," ಅಂದಳು.

ಇನ್ನು ಮನೆಯಲ್ಲಿ ಉಳಿದವರು ಒಬ್ಬರೇ — ನೇತ್ರಾಳ ತಂದೆ ಗದಿಗೆಪ್ಪ ಮಾಸ್ತರು. ಬೆಳಗಾವಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಎಂಟು ತಿಂಗಳಿಂದ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಇಂಗ್ಲಿಷ್ ಮಾತು ಬರದು, ಎಡಿತ್ ಅವರಿಗೆ ಕನ್ನಡ ಬರದು. ಆದರೂ ಬೀಗರಿಬ್ಬರೂ ದಿನಾ ಮಧ್ಯಾಹ್ನ ಎರಡು ತಾಸು ರಮ್ಮಿ ಆಡುತ್ತಾರೆ, ಒಂದು ದಿನವೂ ಜಗಳವಿಲ್ಲದೆ. ಈಗಲೂ ಮಾಸ್ತರು ಊಟದ ಮೇಜಿನ ಬಳಿ ಕೂತು ಇಸ್ಪೀಟಿನ ಎಲೆ ಕಲಸುತ್ತಿದ್ದರು.

"ಮಾಸ್ತರ, ನಿಮ್ಮನ್ನೂ ಒಂದೆರಡು ಮಾತು ಕೇಳಬೇಕಿತ್ತು."

"ನನ್ನೇನ್ ಕೇಳ್ತೀರಿ ತಂಗಿ? ಇಂಗ್ಲಿಷ್ ನಂಗ ಅಷ್ಟಕ್ಕಷ್ಟ."

"ಹಂಗಾರ ಒಂದು ಆಟ ಆಡೂಣ ನಡೀರಿ."

ಈರೇಶ ಗಡಿಯಾರ ನೋಡಿದ. ಎರಡೂವರೆ. ಐದಕ್ಕೆ ಹೆಸರು ಕಳಿಸಬೇಕು, ಇವಳು ಇಸ್ಪೀಟು ಆಡಲು ಕೂತಳಲ್ಲ ಎಂದು ಅವನಿಗೆ ಸಿಟ್ಟೇ ಬಂತು. ನೀಲಾಂಬಿಕಾ ಆರಾಮಾಗಿ ಆಡಿದಳು, ಸೋತಳು. ಮಾಸ್ತರು ಚೀಟಿಯ ಮೇಲೆ ಹೆಸರು ಬರೆದು ಪಾಯಿಂಟು ಹಾಕಿದರು. ಎಡಿತ್ ಜೊತೆ ಆಡಿ ಆಡಿ ಹೆಸರು ಇಂಗ್ಲಿಷಿನಲ್ಲೇ ಬರೆಯುವುದು ಅವರಿಗೆ ರೂಢಿಯಾಗಿತ್ತು. ನೀಲಾಂಬಿಕಾ ಚೀಟಿಯನ್ನು ಎತ್ತಿ ಕಾಪಿಯ ಪಕ್ಕ ಇಟ್ಟಳು. ಈರೇಶ ನೋಡಿದ. ಸಿಟ್ಟು ಇಳಿಯಿತು.

ಅದೇ ಮುತ್ತು ಜೋಡಿಸಿದ ಅಕ್ಷರ.

"ಎಲ್ಲಾರೂ ಕುಂದರ್ರಿ," ಅಂದಳು ನೀಲಾಂಬಿಕಾ. "ಚೀಟಿ ಬರೇ ಖಾತ್ರಿ ಮಾಡ್ಕೊಳ್ಳಾಕ. ಯಾರು ಅಂಬೋದು ಆಗಳೇ ಗೊತ್ತಾಗಿತ್ತು. ನನ್ನ ತಮ್ಮ ಹೇಳಿದ."

"ನಾ?" ಅಂದ ಈರೇಶ.

"ನೀನ. ಛಲೋ ಗಳಿಗಿ ಅಂದೆಲ್ಲ? ನೀ ಅನ್ನೂತನಕ ನನ್ನ ಕಣ್ಣಿಗೂ ಅದು ಬಿದ್ದಿದ್ದಿಲ್ಲ. ನಮ್ಮ ಮಂದಿಗೆ ಕೂಸು ಹುಟ್ಟಿತಂದ್ರ ಮೊದಲು ಟೈಮ್ ಬೇಕು. ಜಾತಕ ಬರಸಬೇಕಲ್ಲ. ಟೈಮ್ ಬರದಿಟ್ಟಿದ್ದು ನಮಗ ವಿಶೇಷ ಅನಸೂದಿಲ್ಲ." ಅವಳು ಎಡಿತ್ ಕಡೆ ತಿರುಗಿ ಇಂಗ್ಲಿಷಿಗೆ ಹೊರಳಿದಳು. "ಇಂಗ್ಲೆಂಡಿನ ರಿಜಿಸ್ಟ್ರಾರರು ಜನನದಲ್ಲಿ ಗಂಟೆ-ನಿಮಿಷ ಬರೆಯುತ್ತಿದ್ದದ್ದು ಹೆಚ್ಚಾಗಿ ಒಂದೇ ಸಂದರ್ಭದಲ್ಲಿ. ಅವಳಿ ಹುಟ್ಟಿದಾಗ, ಮೊದಲು ಯಾರು ಅಂತ ತಿಳಿಯಲಿಕ್ಕೆ. ಹಾಗಾದರೆ ವಾಲ್ಟರ್‌ಗೆ ಜೊತೆಗೊಂದು ಕೂಸಿತ್ತೇ? ಮಾಸ್ತರು ಎಲೆ ಹಂಚುವಾಗ ಫೋನಿನಲ್ಲಿ ಸೂಚಿ ನೋಡಿದೆ. ಇಲ್ಲ. ಒಂದೇ ಕೂಸು. ಅಂದಮೇಲೆ ಟೈಮ್ ಬರೆದವನು ಇಂಗ್ಲೆಂಡಿನ ಗುಮಾಸ್ತನಲ್ಲ. ಕೆನಡಾದ ಗ್ರಹಾಂಗೂ ಅದು ಹೊಳೆಯುವ ಮಾತಲ್ಲ. ನೇತ್ರಾಗೆ ಹೊಳೆದೀತು, ಆದರೆ ಅವಳ ಅಕ್ಷರ ನೋಡಿದಿರಲ್ಲ."

ಅವಳು ಮಾಸ್ತರ ಮುಂದೆ ಕಾಪಿ ಇಟ್ಟಳು.

"ನೀವ ಬರದೀರಿ ಮಾಸ್ತರ. ಅಸಲಿ ಮುಂದಿಟ್ಕೊಂಡು ಎಲ್ಲಾ ಹಂಗ ಇಳಿಸಿ ಝೆರಾಕ್ಸ್ ತಗದೀರಿ. ಅಪ್ಪನ ಹೆಸರು, ಬ್ರೌನ್, ಟೈಮ್ — ಈ ಮೂರ ನಿಮ್ಮೂ. ಯಾಕ್ರಿ?"

ಮಾಸ್ತರು ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು.

"ಮಾತು ಬರದಿದ್ರೂ ನಂಗ ಓದಾಕ ಬರತೈತಿ. ಅಪ್ಪನ ಹೆಸರಿನ ಜಾಗದಾಗ ಗೀಟು ಹೊಡದಿದ್ರು. ನೋಡಿ ಜೀವ ಝಲ್ ಅಂತು. ಬೀಗತಿ ಹನ್ನೊಂದು ವರ್ಷ ಕಾದಿದ್ದು ಇದಕ್ಕೇನು? ಬೀಗರ ಮನಿ ಮರ್ಯಾದಿ ನನ್ನ ಕೈಯಾಗ ಬಂದು ಬಿತ್ತು. ಅಡ್ಡಹೆಸರು ತಾಯಿದ ಇತ್ತು, ಅದನ್ನ ಅಪ್ಪಗ ಕೊಟ್ಟೆ. ತಾಯಿಗೆ ಬ್ಯಾರೆ ತವರು ಕೊಟ್ಟೆ." ಅವರ ದನಿ ಕುಗ್ಗಿತು. "ಅಪ್ಪ ಇಲ್ಲದ ಕೂಸು ನೋಡ್ರಿ, ಒಂದು ಛಲೋ ಗಳಿಗಿನೂ ಕೊಟ್ಟೆ."

ನೇತ್ರಾ ಇದನ್ನೆಲ್ಲ ಅತ್ತೆಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಅಸಲಿ ಹರದೀರೇನು?" ಕೇಳಿದಳು ನೀಲಾಂಬಿಕಾ.

"ಕೂಸಿನ ಹೆಸರಿರೋ ಕಾಗದ ಹೆಂಗ ಹರೀಲಿ?" ಮಾಸ್ತರು ಎದ್ದು ಹೋಗಿ ತಮ್ಮ ಪಂಚಾಂಗ ತಂದರು. ಅದರೊಳಗಿಂದ ನಾಲ್ಕು ಮಡಿಕೆಯ ಬಣ್ಣದ ಕಾಗದ ಹೊರಬಂತು. ವಾಲ್ಟರ್. ತಾಯಿ ಆ್ಯನ್ ಥಾರ್ನ್ಲಿ, ಮನೆಗೆಲಸದವಳು. ನಂಬರ್ ಏಳು, ಮಿಲ್ ಲೇನ್. ತಂದೆಯ ಜಾಗದಲ್ಲಿ ಒಂದು ಗೀಟು.

ಎಡಿತ್ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಮದುವೆಯಾಗಿರಲಿಲ್ಲ, ಅಷ್ಟೇ ತಾನೇ?" ಅಂದರು. "ನಾಚಿಕೆ ಆಮೇಲಿನ ಮಾತು. ಬಿಟ್ಟಳೋ, ಇಲ್ಲವೋ? ಅದನ್ನು ಹೇಳಿ."

"ಹೌದು, ಸೂಚಿಯಲ್ಲಿನ ಗೀಟಿನ ಅರ್ಥವೂ ಅದೇ. ಉಳಿದದ್ದು ಹೇಳುತ್ತೇನೆ. ಈ ಕಾಪಿ ನಂಬಿ ಇಷ್ಟು ದಿನ ನೀವೆಲ್ಲ ಜನಗಣತಿಯಲ್ಲಿ ಜೇಮ್ಸ್ ಮತ್ತು ಆ್ಯನ್ ಅನ್ನೋ ಜೋಡಿ ಹುಡುಕಿದಿರಿ. ಇಲ್ಲದವರು ಎಲ್ಲಿ ಸಿಗಬೇಕು? ನೇತ್ರಾ ಮೊದಲೇ ಕಳಿಸಿದ್ದ ಕಾಪಿಯ ವಿಳಾಸ ಹಿಡಿದು, ನಾನು ಹೆಸರು ಬಿಟ್ಟು ಮನೆ ಹುಡುಕಿದೆ. ಧಾರವಾಡದಲ್ಲೂ ಹಾಗೇ ಮಾಡುತ್ತಿದ್ದೆ. ಮಂದಿ ಹೆಸರು ತಪ್ಪು ಬರೆಸುತ್ತಾರೆ, ಮನೆ ನಂಬರು ತಪ್ಪು ಬರೆಸೋದು ಕಡಿಮೆ."

ಅವಳು ಚೀಲದಿಂದ ಎರಡು ಹಾಳೆ ತೆಗೆದಳು.

"1881ರ ಜನಗಣತಿ. ವಾಲ್ಟರ್‌ಗೆ ಒಂಬತ್ತು ವರ್ಷ, ಅನಾಥಾಲಯದಲ್ಲಿದ್ದಾನೆ. ಆ್ಯನ್ ಅಲ್ಲಿಂದ ಮೂರೇ ಬೀದಿ ಆಚೆ, ಒಬ್ಬ ಸಾಹುಕಾರನ ಮನೆಯಲ್ಲಿ ಕೆಲಸಕ್ಕಿದ್ದು ಅಲ್ಲೇ ಮಲಗುತ್ತಾಳೆ. ಅಂಥ ಕೆಲಸದಲ್ಲಿ ಮಗುವನ್ನು ಜೊತೆಗಿಟ್ಟುಕೊಳ್ಳಲು ಯಾರು ಬಿಡುತ್ತಿದ್ದರು? ಮರುವರ್ಷ ಮಗ ಹಡಗಿನಲ್ಲಿ." ಎರಡನೇ ಹಾಳೆ ಬಿಚ್ಚಿದಳು. "ಇದು 1911. ಆ ವರ್ಷದ ಫಾರಂ ಮನೆಯವರೇ ತುಂಬಿ ಕೊಡಬೇಕಿತ್ತು. ಅಂದರೆ ಇದು ಆ್ಯನ್‌ಳ ಕೈಬರಹ. ಐವತ್ತೆಂಟು ವರ್ಷ, ಅವಿವಾಹಿತೆ, ಬಟ್ಟೆ ಒಗೆಯುವ ಕೆಲಸ. ಮನೆ ಯಾವುದು ನೋಡಿ."

"ನಂಬರ್ ಏಳು, ಮಿಲ್ ಲೇನ್," ಓದಿದ ಗ್ರಹಾಂ.

"ಮಗ ಹುಟ್ಟಿದ ಮನೆಗೇ ವಾಪಸು ಬಂದಿದ್ದಾಳೆ. ಈಗ ಈ ಕಾಲಂ ನೋಡಿ. ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಬದುಕಿವೆ? ಇದು ಮದುವೆಯಾದ ಹೆಂಗಸರಿಗೆ ಮಾತ್ರ ಕೇಳಿದ ಪ್ರಶ್ನೆ. ಆ್ಯನ್‌ಳನ್ನು ಯಾರೂ ಕೇಳಿರಲಿಲ್ಲ. ಖಾಲಿ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೂ ಬರೆದಿದ್ದಾಳೆ. ಆಫೀಸಿನ ಗುಮಾಸ್ತ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದಾನೆ. ಹೊಡೆದರೂ ಕಾಣುತ್ತದೆ."

ಕೆಂಪು ಗೀಟಿನ ಅಡಿಯಲ್ಲಿ, ಬಿಗಿ ಹಿಡಿದು ಬರೆದ ಅಕ್ಷರ. ಹುಟ್ಟಿದ್ದು: ಒಂದು. ಬದುಕಿರುವುದು: ಒಂದು.

ಮಗ ಹೋಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಎಡಿತ್ ಮುಖ ಮುಚ್ಚಿಕೊಂಡು ಅತ್ತರು. ಈರೇಶನಿಗೂ ಕಣ್ಣು ತುಂಬಿತು, ಅವನು ಮುಚ್ಚಿಡಲಿಲ್ಲ. ಮಾಸ್ತರು ಮಾತ್ರ ತಲೆ ತಗ್ಗಿಸಿಯೇ ಇದ್ದರು.

"ಅಕಿ ಮುಚ್ಚಿಡಲಿಲ್ಲ," ಅಂದರು ಮೆಲ್ಲಗೆ. "ನಾ ಮುಚ್ಚಾಕ ಹೋದೆ. ತಪ್ಪಾತ್ರಿ ಬೀಗತಿ."

ನೇತ್ರಾ ಹೇಳುವ ಮೊದಲೇ ಎಡಿತ್ ಅವರಿಗೆ ಅದು ತಿಳಿದಂತಿತ್ತು. ಅವರು ರಮ್ಮಿಯ ಚೀಟಿ ತಿರುಗಿಸಿ, ಖಾಲಿ ಮಗ್ಗುಲು ಮೇಲೆ ಮಾಡಿ ಮಾಸ್ತರ ಮುಂದೆ ಸರಿಸಿದರು. ಪೆನ್ನು ಕೊಟ್ಟರು. "ಕಲ್ಲಿಗೆ ಇವರ ಅಕ್ಷರವೇ ಬೇಕು ಅಂತ ಹೇಳು," ಅಂದರು ಸೊಸೆಗೆ.

ಮಾಸ್ತರು ಕೈ ಒರೆಸಿಕೊಂಡು ಬರೆದರು: ವಾಲ್ಟರ್, ಆ್ಯನ್ ಥಾರ್ನ್ಲಿಯ ಮಗ. ಹುಟ್ಟಿದ ತಾರೀಖು ಹಾಕಿದರು. ಪೆನ್ನು ಅಲ್ಲಿಯೇ ನಿಂತಿತು. ನೀಲಾಂಬಿಕಾಳ ಮುಖ ನೋಡಿದರು.

"ಬ್ಯಾಡ್ರಿ ಮಾಸ್ತರ," ಅಂದಳು ನೀಲಾಂಬಿಕಾ. "ಟೈಮ್ ಹಾಕಿದ್ರ ನೂರು ವರ್ಷದ ಮ್ಯಾಲೆ ಯಾರರ ಬಂದು ಅವಳಿ ಹುಡಕ್ಕೋತ ಕೂಡ್ತಾರ. ಅಕಿ ತಾನ ಬರದು ಇಟ್ಟಾಳಲ್ಲ, ಒಂದು ಅಂತ."