ಓದು ನಿಲ್ಲಬಾರದ ಜಾಗ

ಪಾಲಿಬೆಟ್ಟದ ಆ ಎಸ್ಟೇಟಿನ ಕೂಲಿ ಲೈನುಗಳ ಪಕ್ಕದಲ್ಲೊಂದು ಪ್ರಾರ್ಥನೆ ಮನೆ. ಶುಭ ಶುಕ್ರವಾರದ ದಿನವೇ ಉಪದೇಶಿಗೆ ಜ್ವರ ಬಂದು, ತೋಟದ ಲೆಕ್ಕ ಬರೆಯುವ ರೈಟರ್ ಯೋನಾ ಸುವಾರ್ತೆ ಓದಬೇಕಾಯಿತು. ಹೊರಜಗಲಿಯ ಕಂಬಕ್ಕೆ ಒರಗಿ ಬೊಳ್ಳಮ್ಮ ಕೂತಿದ್ದಳು. ಎಸ್ಟೇಟ್ ಆಸ್ಪತ್ರೆಯ ಆಯಾ. ಬೆಳಗಿನಿಂದ ನಿಂತು ನಿಂತು ಕಾಲು ಸೋತಿತ್ತು. ಅವಳ ದೇವರು ಬೇರೆ. ಆದರೆ ಯಾರು ಎಲ್ಲಿ ಓದಿದರೂ ಕೂತು ಕೇಳುವುದು, ಪುರಾಣ ಓದುತ್ತಿದ್ದ ಅಜ್ಜನ ಮಗ್ಗುಲಲ್ಲಿ ಬೆಳೆದವಳಿಗೆ ಬಂದ ಗುಣ.

ಓದುವ ದನಿಗಾಗಿಯೂ ಬಂದಿದ್ದಳು. ಅದನ್ನು ತನಗೇ ಹೇಳಿಕೊಂಡಿರಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ವರ್ಷ ಇದೇ ಯೋನಾ, ಹೆಣ್ಣು ಕೇಳಲು ಅವಳ ಜೊತೆಯಲ್ಲೇ ಅವಳ ಮನೆಗೆ ಹೊರಟಿದ್ದ. ಬೇರೆ ದೇವರ ಮನೆಗೆ ಹೆಣ್ಣಿಲ್ಲ ಎಂದು ಅವಳಣ್ಣ ಸಾಂತಪ್ಪ ಇನ್ನಿಬ್ಬರನ್ನು ಜೊತೆಗೆ ಕಟ್ಟಿಕೊಂಡು ಗದ್ದೆ ಏರಿಯಲ್ಲಿ ಅಡ್ಡ ನಿಂತು ಅವನ ಶಾಲು ಹಿಡಿದ. ಶಾಲನ್ನು ಆ ಕೈಯಲ್ಲೇ ಬಿಟ್ಟು ಯೋನಾ ಓಡಿದ. ಓಡಿದವನು ಶನಿವಾರಸಂತೆ ಕಡೆಯ ತೋಟ ಸೇರಿದ. ಏರಿಯ ಮೇಲೆ ಉಳಿದವಳು ಅವಳೊಬ್ಬಳೇ.

ಮೂರು ವರ್ಷದ ಮೇಲೆ ಅವನು ವಾಪಸು ಬಂದು ಈಗ ತಿಂಗಳಾಯಿತು. ದಿನಾ ಆಸ್ಪತ್ರೆಯ ಮುಂದೆ ಹಾದುಹೋಗುತ್ತಾನೆ. ಅವನ ನೋಟ ಅವಳ ಬಾಗಿಲವರೆಗೆ ಬಂದು, ಹೊಸ್ತಿಲು ದಾಟದೆ, ಹಿಂದಕ್ಕೆ ಹೋಗುತ್ತದೆ. ಇತ್ತ ಕಕ್ಕಬೆ ಕಡೆಯಿಂದ ಹೆಂಡತಿ ಸತ್ತವರೊಬ್ಬರ ಸಂಬಂಧ ಬಂದಿತ್ತು. ಭಾನುವಾರ ಉತ್ತರ ಹೇಳುತ್ತೇನೆ ಎಂದಿದ್ದಳು ಅಣ್ಣನಿಗೆ. ಕಾದು ಕಾದು ಅವಳಿಗೂ ಸಾಕಾಗಿತ್ತು.

ಒಳಗೆ ಓದು ಸಾಗಿತ್ತು. ಯೇಸುವನ್ನು ಹಿಡಿದರು, ಶಿಷ್ಯರೆಲ್ಲ ಚದುರಿದರು. ಬರೀ ಮೈಗೆ ನಾರುಬಟ್ಟೆ ಹೊದ್ದ ಒಬ್ಬ ಯುವಕ ಮಾತ್ರ ಹಿಂದೆ ಹಿಂದೆ ಬಂದ. ಅವನನ್ನೂ ಹಿಡಿಯಹೋದರೆ ಬಟ್ಟೆಯನ್ನು ಅವರ ಕೈಯಲ್ಲೇ ಬಿಟ್ಟು ಬೆತ್ತಲೆ ಓಡಿದ.

ಯೋನಾನ ದನಿ ನಿಂತಿತು. ಪುಸ್ತಕ ಮುಚ್ಚಿ, ಇವತ್ತಿಗೆ ಇಷ್ಟೇ ಅಂದ. ಶಿಲುಬೆಯವರೆಗೂ ಹೋಗಲಿಲ್ಲವಲ್ಲ ಎಂದು ಲೈನಿನ ಮುದುಕಿ ಚೋಮಿ ಗೊಣಗುತ್ತ ಎದ್ದಳು. ಜನ ಕರಗಿದರು.

ಅವನು ಜಗಲಿಗೆ ಬಂದಾಗ ಬೊಳ್ಳಮ್ಮ ಏಳಲಿಲ್ಲ.

“ಅಲ್ಲಿ ನಿಲ್ಲಿಸಬಾರದು, ರೈಟ್ರೇ. ನಮ್ಮಜ್ಜ ಕಥೆಯ ಕೆಟ್ಟ ಗಳಿಗೆಯಲ್ಲಿ ಓದು ನಿಲ್ಲಿಸ್ತಿರಲಿಲ್ಲ. ಕೇಳಿದವರು ಅದನ್ನೇ ಹೊತ್ತು ಮನೆಗೆ ಹೋಗ್ಬೇಕಾಗ್ತದೆ ಅಂತ. ಗಂಟಲು ಕಟ್ಟಿದರೂ ಒಳ್ಳೇದು ಬರೋವರೆಗೆ ಓದ್ತಿದ್ದರು.”

“ನನಗೂ ಗಂಟಲು ಕಟ್ಟಿತು, ಬೊಳ್ಳಮ್ಮ.”

ಮೂರು ವರ್ಷದ ಮೇಲೆ ಅವನ ಬಾಯಲ್ಲಿ ಅವಳ ಹೆಸರು. ಅವಳು ನೆಲ ನೋಡುತ್ತ, ಅಷ್ಟು ದೊಡ್ಡ ಕಥೆಯಲ್ಲಿ ಹೆಸರೂ ಇಲ್ಲದ ಆ ಹುಡುಗನನ್ನು ಯಾಕೆ ಬರೆದರು ಎಂದು ಕೇಳಿದಳು. ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಂದ. ಈ ಸುವಾರ್ತೆ ಬರೆದವನೇ ಆ ಹುಡುಗ ಅಂತ ಕೆಲವು ಪಾದ್ರಿಗಳು ಹೇಳುತ್ತಾರಂತೆ. ಓಡಿದ ನಾಚಿಕೆಯನ್ನು ಓಡಿದವನಲ್ಲದೆ ಇನ್ಯಾರು ನೆನಪಿಟ್ಟುಕೊಳ್ಳುತ್ತಾರೆ, ಅಂದ.

“ಏರಿ ಮೇಲೆ ನಿಂತವಳೂ ಇಟ್ಟುಕೊಳ್ತಾಳೆ,” ಅಂದಳು. “ಮುಂದೆ ಓದಿ.”

ಮೆಟ್ಟಿಲ ಮೇಲೆ ಕೂತು ಅವಳೊಬ್ಬಳಿಗೇ ಓದಿದ. ವಿಚಾರಣೆ, ಕೋಳಿಯ ಕೂಗು, ಶಿಲುಬೆ. ತೋಟದ ತುಂಬ ಕಾಫಿ ಹೂ ಬಿರಿದಿತ್ತು. ಘಮಕ್ಕೆ ತಲೆ ಭಾರವಾಗುತ್ತಿತ್ತು. ಕಥೆಯೊಳಗಿನ ಭಾನುವಾರ ಬೆಳಗ್ಗೆ ಹೆಂಗಸರು ಯೇಸುವಿನ ಸಮಾಧಿಗೆ ಹೋದರೆ ಒಳಗೆ ಬಿಳಿ ನಿಲುವಂಗಿ ತೊಟ್ಟ ಯುವಕನೊಬ್ಬ ಕೂತಿದ್ದ. ಹೆದರಬೇಡಿ ಅಂದ.

“ಇವನೇ ಅವನು,” ಅಂದಳು ಬೊಳ್ಳಮ್ಮ.

ದೇವದೂತ ಅಂತಾರೆ, ಅಂದ ಯೋನಾ.

“ನನಗೆ ಕೇಳಿದ್ದು ಹಾಗಲ್ಲ. ಓಡಿದವನು ವಾಪಸು ಬಂದಿದ್ದಾನೆ. ಯಾರೋ ಬಟ್ಟೆ ಕೊಟ್ಟಿದ್ದಾರೆ.” ಎದ್ದು ಸೆರಗು ಕೊಡವಿದಳು. “ಅಣ್ಣ ಅವತ್ತು ಎಸೆದ ನಿಮ್ಮ ಶಾಲು ನನ್ನ ಪೆಟ್ಟಿಗೆಯಲ್ಲಿದೆ. ಇಲ್ಲಿಗೆ ತರೋದಿಲ್ಲ. ಭಾನುವಾರದವರೆಗೆ ಇರ್ತದೆ.”

ಭಾನುವಾರ ಬೆಳಗ್ಗೆ ಅಡಿಗೆಮನೆಯ ಕಿಟಕಿಯಿಂದ, ಗದ್ದೆ ಏರಿಯ ಮೇಲೆ ಬಿಳಿ ಅಂಗಿಯೊಂದು ಬರುವುದು ಕಂಡಿತು. ನಡುವೆ ನಿಂತಿತು. ಬೊಳ್ಳಮ್ಮ ಕಿಟಕಿಯ ಸರಳು ಹಿಡಿದುಕೊಂಡಳು. ಮತ್ತೆ ನಡೆಯಿತು.

ಜಗಲಿಯಿಂದ ಸಾಂತಪ್ಪನ ದನಿ. “ಏನು ರೈಟ್ರೇ, ಈ ಸಲ ಓಡೋದಿಲ್ವಾ?”

“ಕಾಲು ನಡುಗ್ತಾ ಉಂಟು, ಸಾಂತಪ್ಪಣ್ಣ. ಓಡೋಕೆ ಆಗೋದಿಲ್ಲ. ನಿಮ್ಮ ತಂಗಿನ ಕೇಳೋಕೆ ಬಂದೆ.”

ಮೂರು ವರ್ಷ ತಂಗಿಯ ಮೌನದ ಎದುರು ಕೂತು ಉಂಡವನು ಸಾಂತಪ್ಪ, ಅವನಿಗೂ ದಣಿವಾಗಿತ್ತು. ಜಗಲಿಯಲ್ಲಿ ಸ್ವಲ್ಪ ಸರಿದು ಕೂತ.

ಬೊಳ್ಳಮ್ಮ ಶಾಲನ್ನು ಯೋನಾನ ಕೈಗೆ ಕೊಡಲಿಲ್ಲ. ಅಣ್ಣ ತೆರವು ಮಾಡಿದ ಜಾಗದಲ್ಲಿ ಇಟ್ಟು, ಮೂರು ಲೋಟ ಕಾಫಿಗೆ ನೀರಿಡಲು ಒಳಗೆ ಹೋದಳು.