ಬಾಗಿಲ ಬಳಿಯ ಕಾಲ್ಮಣೆ

ರಾಣಿಗೆ ಬೆನ್ನು ತೋರಿಸುವಂತಿಲ್ಲ. ಹೀಗಾಗಿ ಇಂಗ್ಲೆಂಡನ್ನು ಮುನ್ನಡೆಸುವ ಮಹಾಶಯರೆಲ್ಲ ಅರಮನೆಯಲ್ಲಿ ಹಿಂದಕ್ಕೇ ನಡೆಯುತ್ತಾರೆ.

ಲಾರ್ಡ್ ಪೆನ್‌ಹ್ಯಾಲೋ ಪ್ರಧಾನಿಯಾಗಿ ಮೊದಲ ಸಲ ಬಂದು ಹೊರಟಾಗ, ಬಾಗಿಲ ಬಳಿಯ ಕಾಲ್ಮಣೆಗೆ ಎಡವಿ ಪರದೆಯನ್ನು ತಬ್ಬಿಕೊಂಡಿದ್ದ. ಗಂಡ ತೀರಿಕೊಂಡ ಮೇಲೆ ನಗುವುದನ್ನೇ ಬಿಟ್ಟಿದ್ದ ರಾಣಿ ಆಗಸ್ಟಾ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು. ಆಕೆ ಅಳುತ್ತಿದ್ದಾಳೆಂದುಕೊಂಡ ಅವನು, "ಗಾಬರಿ ಆಗ್ಬೇಡಿ ಮ್ಯಾಡಮ್, ದೇಶಕ್ಕೇನೂ ಪೆಟ್ಟಾಗಿಲ್ಲ," ಎಂದ. ಬೀಸಣಿಗೆ ಇನ್ನಷ್ಟು ಅಲುಗಾಡಿತು.

ಅಂದಿನಿಂದ ಪ್ರತಿ ಮಂಗಳವಾರ ಅವನು ಹಿಂದೆ ಸರಿಯುವಾಗ ಆಕೆಯೇ ದಾರಿ ಹೇಳುವಳು. "ಎಡಕ್ಕೆ ಬನ್ನಿ. ಅಯ್ಯೋ, ನಿಮ್ಮ ಎಡಕ್ಕೆ ಕಣ್ರೀ!" ಸಂವಿಧಾನ ಆಕೆಗೆ ಉಳಿಸಿದ್ದ ಅಧಿಕಾರ ಹೆಚ್ಚುಕಡಿಮೆ ಅಷ್ಟೇ. ಅದಕ್ಕೂ ಮಣಿಯದೆ ಅವನು ಎಡವಿಯೇ ಎಡವುವನು.

ಈ ಸಲ ಅವನು ಬಂದದ್ದು ಗುರುವಾರ. ಕಾಮನ್ಸ್ ಸಭೆಯಲ್ಲಿ ಸರ್ಕಾರ ಬಿದ್ದಿತ್ತು. ಅಧಿಕಾರ ಮುದ್ರೆಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ.

"ವಾಪಸ್ ತಗೊಂಡು ಹೋಗಿ," ಎಂದಳು ಆಗಸ್ಟಾ. "ನಾನು ರಾಜೀನಾಮೆ ಒಪ್ಪಲ್ಲ."

"ಒಪ್ಪಲೇಬೇಕು ಮ್ಯಾಡಮ್. ವಿರೋಧ ಪಕ್ಷದ ಸರ್ ಎಡ್ಮಂಡ್ ಥಾರ್ಪ್‌ಗೆ ಹೇಳಿಕಳಿಸಿ."

"ಆ ಒಣಕಲು ಮನುಷ್ಯನಿಗಾ? ಹೂಂ ಅನ್ನೋಕೂ ಒಂದು ಪೀಠಿಕೆ ಹಾಕ್ತಾನೆ!"

"ಸಭೆ ಅವರ ಕಡೆಗಿದೆ."

"ಉಳೀತೀನಿ ಅಂತ ಒಂದು ಮಾತು ಹೇಳಿ. ನಾನು ಅವನನ್ನ ಕರೆಯೋದೇ ಇಲ್ಲ. ಏನ್ಮಾಡ್ತಾರೋ ನೋಡೋಣ."

ಆಕೆ ತಮಾಷೆ ಮಾಡುತ್ತಿರಲಿಲ್ಲ. ಆ ಒಂದು ಮಾತು ಅವನ ತುಟಿಯವರೆಗೆ ಬಂದದ್ದು ಆಕೆಗೆ ಕಂಡಿತು. ಅವನು ಅದನ್ನು ನುಂಗಿಕೊಂಡದ್ದೂ ಕಂಡಿತು.

"ಬೀದೀಲಿ ನಿಮ್ಮ ಹೆಸರಿಗೆ ನನ್ನ ಹೆಸರು ಸೇರಿಸಿ ಕೂಗ್ತಾರೆ."

"ಈಗೇನು ಸುಮ್ನಿದ್ದಾರಾ?"

"ಈಗ ಪಿಸುಗುಡ್ತಾರೆ ಅಷ್ಟೇ. ನಾನು ಉಳಿದ್ರೆ ಕಿರೀಟಕ್ಕೇ ಕೆಸರು. ಅದಕ್ಕೆ ನಾನು ಕಾರಣ ಆಗಲಾರೆ."

ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕುಸಿಯಿತು. ಆಕೆ ಆ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇನ್ನು ಬರೋದೇ ಇಲ್ವಾ?"

"ಹಳೇ ಮಂತ್ರಿ ರಾಣಿ ಕಿವಿ ಕಚ್ಚುತ್ತಿದ್ರೆ ಹೊಸಬ ಆಳೋದು ಹೇಗೆ ಮ್ಯಾಡಮ್?"

ಆಕೆ ಕೈ ಚಾಚಿದಳು. ಅವನು ತುಟಿ ಮುಟ್ಟಿಸಿದ, ರಿವಾಜಿಗಿಂತ ಒಂದು ಉಸಿರು ಹೆಚ್ಚು. ಆಮೇಲೆ ಹಿಂದಕ್ಕೆ ಹೆಜ್ಜೆಯಿಟ್ಟ. ಈ ಸಲ ಆಕೆ ದಾರಿ ಹೇಳಲಿಲ್ಲ. ಆದರೆ ಅವನು ಆಕೆಯ ಮುಖದಿಂದ ಕಣ್ಣು ಕೀಳದೆ, ಕಾಲ್ಮಣೆಯನ್ನು ಸಲೀಸಾಗಿ ತಪ್ಪಿಸಿಕೊಂಡು ಬಾಗಿಲು ತಲುಪಿದ.

"ನಿಮಗೆ ದಾರಿ ಗೊತ್ತಿತ್ತು!"

"ಎರಡನೇ ವಾರದಿಂದಲೇ. ಎಡವಿದ್ರೆ ನೀವು ನಗ್ತಿದ್ರಿ."

ಆಗಸ್ಟಾ ನಗಲು ನೋಡಿದಳು, ಆಗಲಿಲ್ಲ. "ಆ ಮಣೇನ ನಾನು ಯಾಕೆ ಯಾವತ್ತೂ ಎತ್ತಿಸಲಿಲ್ಲ ಅಂತ ನೀವು ಕೇಳಲೇ ಇಲ್ಲ."

"ಕೇಳಿದ್ರೆ ಎತ್ತಿಸಿಬಿಡ್ತೀರೇನೋ ಅಂತ ಭಯ," ಎಂದು ತಲೆಬಾಗಿದ. ಬಾಗಿಲು ಮುಚ್ಚಿಕೊಂಡಿತು.

ಒಳಬಂದ ಸಖಿ ಲೇಡಿ ಓರಿಯಲ್ ಮೆಲ್ಲಗೆ ಕೇಳಿದಳು: "ಸರ್ ಎಡ್ಮಂಡ್‌ಗೆ ಹೇಳಿಕಳಿಸಲಾ ಮ್ಯಾಡಮ್?"

"ಕಳಿಸು. ಅದಕ್ಕೆ ಮುಂಚೆ ಆ ಕಾಲ್ಮಣೇನ ನನ್ನ ಮಲಗೋ ಕೋಣೇಲಿ ಇಡಿಸು."

"ಇಲ್ಲಿಗೆ ಬೇರೊಂದು ತರಿಸಲಾ?"

"ಬೇಡ," ಎಂದಳು ರಾಣಿ. "ಸರ್ ಎಡ್ಮಂಡ್ ಸಲೀಸಾಗಿ ಹೋಗಲಿ."